ಲೆಕ್ಕ ತಪ್ಪಿಸಿದ ಬೆಳಕು: ಜಿಆರ್‌ಬಿ 221009ಎ

2022ರ ಅಕ್ಟೋಬರ್ 9, ಭಾರತೀಯ ಕಾಲಮಾನ ಸಂಜೆ 6.47. ಭೂಮಿಯನ್ನು ಸುತ್ತುತ್ತಿದ್ದ ಫರ್ಮಿ ದೂರದರ್ಶಕಕ್ಕೆ ಗಾಮಾ ಕಿರಣಗಳ ಮಹಾಪೂರವೇ ಬಂದು ಬಡಿಯಿತು. ಅದೇ ಜಿಆರ್‌ಬಿ 221009ಎ ಎಂಬ ಗಾಮಾ ಕಿರಣ ಸ್ಫೋಟ. ಸುಮಾರು ಒಂದು ಗಂಟೆಯ ನಂತರ ಸ್ವಿಫ್ಟ್ ಉಪಗ್ರಹಕ್ಕೆ ಅದರ ಉಳಿಬೆಳಕು ಕಂಡಾಗ, ನಮ್ಮ ಆಕಾಶಗಂಗೆಯೊಳಗಿನ ಯಾವುದೋ ಆಕರವೆಂದೇ ಮೊದಲು ಭಾವಿಸಲಾಗಿತ್ತು. ಅಷ್ಟು ಪ್ರಖರವಾಗಿತ್ತು ಅದು. ಚಿಲಿಯ ವಿಎಲ್‌ಟಿ ದೂರದರ್ಶಕ ರೋಹಿತವನ್ನು ಬಿಡಿಸಿ ನೋಡಿದಾಗ ಕೆಂಪುಪಲ್ಲಟ (ಬೆಳಕಿನ ಅಲೆಯುದ್ದ ಹಿಗ್ಗಿದ ಪ್ರಮಾಣ) 0.151 ಎಂದು ತಿಳಿಯಿತು. ಅಂದರೆ ಆ ಬೆಳಕು ಹೊರಟು ಸುಮಾರು 190 ಕೋಟಿ ವರ್ಷಗಳಾಗಿದ್ದವು!

ವಿಶ್ಲೇಷಣೆಯ ತೊಡಕು ಶುರುವಾದದ್ದೇ ಈ ಪ್ರಖರತೆಯಿಂದ. ಸಂವೇದಕಗಳು ಫೋಟಾನುಗಳನ್ನು ಒಂದೊಂದಾಗಿ ಎಣಿಸುತ್ತವೆ. ಅತಿ ವೇಗವಾಗಿ ಬಂದರೆ ಒಂದರ ಮೇಲೊಂದು ಬಿದ್ದು ಎಣಿಕೆ ಕೆಡುತ್ತದೆ. ಫರ್ಮಿಯಲ್ಲಿ ಆದದ್ದು ಅದೇ. ಸ್ಫೋಟದ ಅತಿ ಮುಖ್ಯ ಕ್ಷಣಗಳ ದತ್ತಾಂಶವನ್ನು ತಿದ್ದುಪಡಿಗಳಿಂದಲೂ ಬೇರೆ ಉಪಗ್ರಹಗಳ ಅಳತೆಗಳಿಂದಲೂ ಮರಳಿ ಕಟ್ಟಬೇಕಾಯಿತು.

ಇನ್ನೊಂದು ಸಾಕ್ಷ್ಯ ತಾನಾಗಿಯೇ ಒದಗಿತು. ಸ್ಫೋಟದ ಎಕ್ಸ್-ಕಿರಣಗಳು ಆಕಾಶಗಂಗೆಯ ದೂಳಿನ ಮೋಡಗಳಲ್ಲಿ ಚದುರಿ, ದಿನದಿಂದ ದಿನಕ್ಕೆ ಹಿಗ್ಗುವ ಉಂಗುರಗಳಾಗಿ ಕಂಡವು. ಉಂಗುರದ ಗಾತ್ರದಿಂದ ಆ ಮೋಡದ ದೂರವನ್ನೇ ಅಳೆಯಬಹುದು. ಎಲ್ಲಿಯದೋ ಸ್ಫೋಟ ನಮ್ಮ ಗ್ಯಾಲಕ್ಸಿಯ ನಕ್ಷೆ ಬರೆಯಲು ನೆರವಾದದ್ದು ಈ ಕಥೆಯ ಅತ್ಯಂತ ಸೊಗಸಾದ ಭಾಗ.

ಇಂಥ ಪ್ರಖರ ಸ್ಫೋಟ ಭೂಮಿಗೆ ಕಾಣುವುದು ಸುಮಾರು 10,000 ವರ್ಷಗಳಿಗೊಮ್ಮೆ ಎಂಬುದು ಅಂದಾಜು. ಬೃಹತ್ ತಾರೆಯೊಂದು ಕುಸಿದು ಕಪ್ಪುಕುಳಿಯಾದದ್ದೇ ಇದರ ಮೂಲ. ತಿಂಗಳುಗಳ ಬಳಿಕ ಜೇಮ್ಸ್ ವೆಬ್ ದೂರದರ್ಶಕ ಅಲ್ಲಿ ಸೂಪರ್‌ನೋವಾದ ಗುರುತನ್ನು ಕಂಡಿತು; ಚಿನ್ನ, ಪ್ಲಾಟಿನಂನಂಥ ಭಾರ ಧಾತುಗಳು ಹುಟ್ಟಿದ ಸುಳಿವು ಮಾತ್ರ ಸಿಗಲಿಲ್ಲ.