ಮೇಳದ ಋಣ

ವಾದ್ಯವೃಂದವೊಂದು ನಾಯಕನ ಹೆಸರಿನಿಂದ ಪ್ರಸಿದ್ಧವಾಗುತ್ತದೆ. ಅದರ ನಾದ ಮಾತ್ರ ಹಲವರ ಉಸಿರಿನಿಂದ ಹುಟ್ಟುತ್ತದೆ. ಹಾಗಿರುವಾಗ, ಆದಾಯ ಕುಸಿಯಿತೆಂದು ನಾಯಕನೊಬ್ಬನೇ ಮೇಳವನ್ನು ವಿಸರ್ಜಿಸಬಹುದೆ? ಅಥವಾ ಅದನ್ನು ಉಳಿಸಿಕೊಳ್ಳುವುದು ಸಹವಾದಕರಿಗೆ ಅವನು ಸಲ್ಲಿಸಬೇಕಾದ ಋಣವೆ? ಈ ಪ್ರಶ್ನೆಯನ್ನು ಕುರಿತು ಯೋಚಿಸುವಾಗಲೆಲ್ಲ ನನಗೆ ನೆನಪಾಗುವವರು ಅಮೆರಿಕದ ಜಾಝ್ ಸಂಗೀತಗಾರ ಡ್ಯೂಕ್ ಎಲಿಂಗ್ಟನ್ (1899–1974).

1930ರ ದಶಕದ ನಡುಭಾಗದಿಂದ ಸುಮಾರು ಹತ್ತು ವರ್ಷ ಅಮೆರಿಕದಲ್ಲಿ ‘ಬಿಗ್ ಬ್ಯಾಂಡ್’ಗಳು ಮೆರೆದವು. ಟ್ರಂಪೆಟ್, ಟ್ರಾಂಬೋನ್, ಕದ್ರಿ ಗೋಪಾಲನಾಥರಿಂದಾಗಿ ನಮಗೂ ಆಪ್ತವಾದ ಸ್ಯಾಕ್ಸೊಫೋನ್ ಮೊದಲಾದ ವಾದ್ಯಗಳ ಹದಿನೈದರಷ್ಟು ಕಲಾವಿದರು ಊರಿಂದೂರಿಗೆ ಸಂಚರಿಸುತ್ತಿದ್ದರು. ಯುದ್ಧಕಾಲದಲ್ಲಿ ಮನರಂಜನೆಯ ಮೇಲೆ ಬಿದ್ದ ತೆರಿಗೆ, ಏರಿದ ಸಂಬಳ ಹಾಗೂ ಪ್ರಯಾಣವೆಚ್ಚ, ಗಾಯಕರತ್ತ ಹೊರಳಿದ ಜನರ ಒಲವು, ಇವೆಲ್ಲ ಸೇರಿ ಈ ವ್ಯವಸ್ಥೆಯನ್ನು ಕೆಡವಿದವು. 1946ರ ಕೊನೆಗೆ ಬೆನ್ನಿ ಗುಡ್‌ಮನ್, ವುಡಿ ಹರ್ಮನ್, ಟಾಮಿ ಡಾರ್ಸಿ ಮೊದಲಾದವರು ತಮ್ಮ ಮೇಳಗಳನ್ನು ವಿಸರ್ಜಿಸಿದರು. 1950ರಲ್ಲಿ ಕೌಂಟ್ ಬೇಸಿ ಕೂಡ ಚಿಕ್ಕ ತಂಡಕ್ಕೆ ಇಳಿದು, 1952ರಲ್ಲಿ ಮತ್ತೆ ದೊಡ್ಡ ಮೇಳ ಕಟ್ಟಿದರು. ಇವರನ್ನು ನಾನು ದೂಷಿಸಲಾರೆ. ಬರಿದಾದ ಪೆಟ್ಟಿಗೆಯಿಂದ ಯಾರೂ ಸಂಬಳ ಕೊಡಲಾರರು.

ಎಲಿಂಗ್ಟನ್ ಮಾತ್ರ ಮೇಳವನ್ನು ಮುರಿಯಲಿಲ್ಲ. ತಮ್ಮ ಕೃತಿಗಳಿಂದ ಬರುತ್ತಿದ್ದ ಗೌರವಧನವನ್ನು ಸುರಿದು ಅದನ್ನು ನಡೆಸಿದರು. ಇದು ಕೇವಲ ಔದಾರ್ಯವೆಂದರೆ ಅರ್ಧಸತ್ಯವಾದೀತು. ಬರೆದ ಸಂಗೀತವನ್ನು ಕೂಡಲೇ ಕಿವಿಯಾರೆ ಕೇಳಲು ಅವರಿಗೆ ಆ ಮೇಳ ಬೇಕಿತ್ತು. ಒಬ್ಬೊಬ್ಬ ವಾದಕನ ಶೈಲಿಯನ್ನೇ ಮನಸ್ಸಿನಲ್ಲಿಟ್ಟು ಅವರು ಬರೆಯುತ್ತಿದ್ದರು. ಅಷ್ಟೇ ಅಲ್ಲ, ಅವರ ಹಲವು ಕೃತಿಗಳು ವಾದಕರು ನುಡಿಸಿದ ಸ್ವರಗುಚ್ಛಗಳಿಂದಲೇ ಬೆಳೆದವು. ‘ಮೂಡ್ ಇಂಡಿಗೊ’ (1930) ರಚನೆಯಲ್ಲಿ ಕ್ಲಾರಿನೆಟ್ ವಾದಕ ಬಾರ್ನಿ ಬಿಗಾರ್ಡ್ ಅವರ ಪಾಲಿದ್ದರೂ ಅವರ ಹೆಸರು ಅದಕ್ಕೆ ಸೇರಿದ್ದು ಬಹುಕಾಲದ ನಂತರ.

ನನ್ನ ದೃಷ್ಟಿಯಲ್ಲಿ ಪ್ರಶ್ನೆಯ ಮರ್ಮ ಇಲ್ಲಿದೆ. ಮೇಳವನ್ನು ಎಂದೆಂದಿಗೂ ಉಳಿಸುವ ಹೊಣೆ ಯಾವ ನಾಯಕನಿಗೂ ಇಲ್ಲ. ಆದರೆ ಸಹವಾದಕರಿಂದ ಅವನು ಪಡೆದದ್ದೆಷ್ಟೋ, ಅವನ ಋಣವೂ ಅಷ್ಟು. ಸಂಬಳಕ್ಕೆ ಸರಿಯಾಗಿ ದುಡಿಸಿಕೊಂಡವನು ಲೆಕ್ಕ ತೀರಿಸಿ, ಮುಂಚಿತವಾಗಿ ತಿಳಿಸಿ ಬೀಳ್ಕೊಡಬಹುದು. ಅವರ ನಾದವನ್ನೇ ತನ್ನ ಕೀರ್ತಿಯಾಗಿಸಿಕೊಂಡವನ ಲೆಕ್ಕ ಅಷ್ಟು ಸುಲಭವಾಗಿ ತೀರದು. ಎಲಿಂಗ್ಟನ್ ಅವರ ಗೌರವಧನ ವಾದಕರ ಸಂಬಳವಾಗಿ ಹರಿದದ್ದು ದಾನವಲ್ಲ, ಮರುಪಾವತಿ.

ಋಣ ಬಂಧನವಾಗಬಾರದೆಂಬುದನ್ನೂ ಈ ಇತಿಹಾಸ ಹೇಳುತ್ತದೆ. 1951ರಲ್ಲಿ ಸ್ಯಾಕ್ಸೊಫೋನ್ ವಾದಕ ಜಾನಿ ಹಾಜಸ್, ಇನ್ನಿಬ್ಬರು ಹಿರಿಯ ವಾದಕರೊಂದಿಗೆ ಹೊರನಡೆದರು. 1955ರಲ್ಲಿ ಅವರು ಮರಳಿದಾಗ ಸ್ಥಾನ ಕಾದಿತ್ತು. ಮರುವರ್ಷವೇ, 1956ರ ಜುಲೈ 7ರಂದು ನ್ಯೂಪೋರ್ಟ್ ಉತ್ಸವದಲ್ಲಿ, ಪಾಲ್ ಗೊನ್ಸಾಲ್ವಿಸ್ ಒಂದೇ ಕೃತಿಯಲ್ಲಿ 27 ಆವರ್ತಗಳನ್ನು ನಿರಂತರವಾಗಿ ನುಡಿಸಿ ಸಭೆಯನ್ನು ಎಬ್ಬಿಸಿ ಕುಣಿಸಿದರು. ಮಂಕಾಗಿದ್ದ ನಾಯಕನ ಕೀರ್ತಿ ಮತ್ತೆ ಬೆಳಗಿತು. 1963ರಲ್ಲಿ ಇದೇ ಮೇಳ ಭಾರತಕ್ಕೂ ಬಂದಿತ್ತು.

1927ರಲ್ಲಿ ಹದಿನೇಳರ ಹುಡುಗನಾಗಿ ಸೇರಿದ ಹ್ಯಾರಿ ಕಾರ್ನಿ, 1974ರ ಮೇ ತಿಂಗಳಲ್ಲಿ ನಾಯಕ ತೀರಿಕೊಳ್ಳುವವರೆಗೂ ಜೊತೆಗಿದ್ದರು. ಅದೇ ಅಕ್ಟೋಬರಿನಲ್ಲಿ ತಾವೂ ತೀರಿಕೊಂಡರು. ನಲವತ್ತೇಳು ವರ್ಷಗಳ ಈ ಸಾಂಗತ್ಯದಲ್ಲಿ ಯಾರು ಯಾರಿಗೆ ಋಣಿ ಎಂದು ಹೇಳುವುದು ಕಷ್ಟ. ಒಳ್ಳೆಯ ಮೇಳದ ಲಕ್ಷಣ ಬಹುಶಃ ಅದೇ.