ವಿಚ್ಛೇದನ ಮತ್ತು ಆಸ್ತಿ: ಗಡಿನಾಡಿನ ಕುಟುಂಬಗಳು ತಿಳಿದಿರಬೇಕಾದ ಕಾನೂನು

ಮದುವೆ ಮಂಗಳೂರಿನಲ್ಲಿ, ಸಂಸಾರ ಕಾಸರಗೋಡಿನಲ್ಲಿ, ದುಡಿಮೆ ಬೆಂಗಳೂರಿನಲ್ಲೋ ಕೊಲ್ಲಿ ರಾಷ್ಟ್ರದಲ್ಲೋ: ಗಡಿನಾಡಿನ ಕುಟುಂಬಗಳಲ್ಲಿ ಇದು ಸಾಮಾನ್ಯ. ಇಂತಹ ದಾಂಪತ್ಯ ಮುರಿದಾಗ ಆಸ್ತಿಯ ದಾಖಲೆಗಳು ಎರಡು ರಾಜ್ಯಗಳಲ್ಲಿ ಹರಡಿಕೊಂಡಿರುತ್ತವೆ. ವಿಚ್ಛೇದನವಾದರೆ ಪತಿಯ ಆಸ್ತಿಯ ಅರ್ಧ ಪಾಲು ಪತ್ನಿಗೆ ತಾನಾಗಿ ದೊರೆಯುತ್ತದೆಂಬ ನಂಬಿಕೆ ಜನರಲ್ಲಿದೆ. ಗೋವೆಯನ್ನು ಬಿಟ್ಟರೆ ದೇಶದ ಬೇರೆಡೆ ಕಾನೂನು ಸಾಮಾನ್ಯವಾಗಿ ಹಾಗಿಲ್ಲ. ಆಸ್ತಿ ಯಾರ ಹೆಸರಿನಲ್ಲಿದೆ, ಯಾರ ಹಣದಿಂದ ಬಂತು, ಅದಕ್ಕೆ ಸಾಕ್ಷ್ಯವೇನು ಎಂಬುದರ ಮೇಲೆ ಹಕ್ಕು ನಿರ್ಧಾರವಾಗುತ್ತದೆ.

ಸ್ತ್ರೀಧನ

ವಿವಾಹಕ್ಕೆ ಮೊದಲು, ವಿವಾಹದ ವೇಳೆ ಹಾಗೂ ಅನಂತರ ವಧುವಿಗೆ ಉಡುಗೊರೆಯಾಗಿ ಬಂದ ಚಿನ್ನ, ನಗದು, ವಸ್ತುಗಳು ಆಕೆಯ ಸ್ವಂತ ಸೊತ್ತು. ಅದನ್ನು ಹಿಂದಿರುಗಿಸಲು ನಿರಾಕರಿಸುವುದು ನಂಬಿಕೆದ್ರೋಹದ ಅಪರಾಧವಾಗಬಲ್ಲದೆಂದು ಸರ್ವೋಚ್ಚ ನ್ಯಾಯಾಲಯ 1985ರಲ್ಲೇ ಹೇಳಿದೆ. ಕೇರಳದ ಪ್ರಕರಣವೊಂದರಲ್ಲಿ, 89 ಪವನು ಚಿನ್ನಕ್ಕೆ ಸಂಬಂಧಿಸಿ, 2024ರ ಏಪ್ರಿಲ್‌ನಲ್ಲಿ ಅದೇ ನ್ಯಾಯಾಲಯ ಮಹಿಳೆಗೆ 25 ಲಕ್ಷ ರೂಪಾಯಿ ಕೊಡಿಸಿತು. ಸ್ತ್ರೀಧನವು ದಂಪತಿಯ ಜಂಟಿ ಆಸ್ತಿಯಲ್ಲ. ಕಷ್ಟಕಾಲದಲ್ಲಿ ಪತಿ ಬಳಸಿಕೊಂಡರೂ ಮರಳಿಸುವ ಹೊಣೆ ಅವನದು ಎಂಬುದು ತೀರ್ಪಿನ ಸಾರ.

ಮುಸ್ಲಿಂ ಮಹಿಳೆಯರಿಗೆ 1986ರ ಕಾಯಿದೆಯಡಿ ಮಹರ್ ಹಾಗೂ ತವರಿನವರು, ಪತಿ, ಬಂಧುಮಿತ್ರರು ಕೊಟ್ಟ ಸೊತ್ತನ್ನು ಪಡೆಯುವ ಹಕ್ಕಿದೆ.

ಪಟ್ಟಿಯೇ ರಕ್ಷಣೆ

ವರದಕ್ಷಿಣೆ ನಿಷೇಧ ಕಾಯಿದೆಯಡಿ 1985ರಲ್ಲಿ ರಚಿತವಾದ ನಿಯಮಗಳು ವಧೂವರರಿಗೆ ಬಂದ ಉಡುಗೊರೆಗಳ ಪಟ್ಟಿಯನ್ನು ಲಿಖಿತವಾಗಿ ಇಡಬೇಕೆನ್ನುತ್ತವೆ. ವಸ್ತುವಿನ ವಿವರ, ಅಂದಾಜು ಬೆಲೆ, ಕೊಟ್ಟವರ ಹೆಸರು ಮತ್ತು ಸಂಬಂಧವನ್ನು ಬರೆದು ಇಬ್ಬರೂ ಸಹಿ ಹಾಕಬೇಕು. ಆಚರಣೆಯಲ್ಲಿ ಇದನ್ನು ಪಾಲಿಸುವ ಮನೆಗಳು ವಿರಳ. ಆಭರಣದಂಗಡಿಯ ರಸೀದಿ, ಮದುವೆಯ ಛಾಯಾಚಿತ್ರ, ಲಾಕರಿನ ದಾಖಲೆ, ಚಿನ್ನ ಅಡವಿಟ್ಟ ಚೀಟಿ, ಬ್ಯಾಂಕಿನ ಪುಸ್ತಕಗಳನ್ನಾದರೂ ಕಾಪಾಡಿಕೊಳ್ಳುವುದು ಲೇಸು. ಸಿವಿಲ್ ವ್ಯಾಜ್ಯದಲ್ಲಿ ಸಂಶಯಾತೀತ ರುಜುವಾತು ಬೇಕಿಲ್ಲ. ಸಂಭವನೀಯತೆಯ ತೂಕ ಯಾರ ಕಡೆಗಿದೆ ಎಂಬುದನ್ನು ನ್ಯಾಯಾಲಯ ನೋಡುತ್ತದೆ.

ಮನೆ, ಭೂಮಿ, ಸಾಲ

ಜಂಟಿ ಹೆಸರಿನ ಮನೆಯಲ್ಲಿ ಯಾರು ಎಷ್ಟು ಹಣ ತೊಡಗಿಸಿದರೆಂಬುದು ಮುಖ್ಯವಾಗುತ್ತದೆ. ಗೃಹಸಾಲಕ್ಕೆ ಇಬ್ಬರೂ ಸಹಿ ಹಾಕಿದ್ದರೆ, ವಿಚ್ಛೇದನವಾದ ಮಾತ್ರಕ್ಕೆ ಬ್ಯಾಂಕಿನ ಮುಂದೆ ಯಾರ ಹೊಣೆಯೂ ತೀರದು. ವಿಮೆ, ಠೇವಣಿಗಳ ನಾಮನಿರ್ದೇಶನವೂ ತಾನಾಗಿ ಬದಲಾಗದು; ಬರೆದು ಬದಲಾಯಿಸಬೇಕು.

ಹಿಂದೂ ವಿವಾಹ ಕಾಯಿದೆಯ 27ನೇ ಕಲಮು ಮದುವೆಯ ಸಂದರ್ಭದಲ್ಲಿ ಬಂದು ಇಬ್ಬರಿಗೂ ಸೇರಿದ ಸೊತ್ತಿನ ಬಗ್ಗೆ ಆದೇಶ ನೀಡಲು ಅವಕಾಶ ಕೊಡುತ್ತದೆ. 25ನೇ ಕಲಮಿನ ಶಾಶ್ವತ ಜೀವನಾಂಶವನ್ನು ಪತಿ, ಪತ್ನಿ ಯಾರೂ ಕೇಳಬಹುದು. ಅಗತ್ಯವಿದ್ದರೆ ಎದುರಾಳಿಯ ಸ್ಥಿರಾಸ್ತಿಯ ಮೇಲೆ ಅದರ ಭಾರ ಹೊರಿಸಬಹುದು. ಜೀವನಾಂಶದ ಪ್ರಕರಣಗಳಲ್ಲಿ ಇಬ್ಬರೂ ತಮ್ಮ ಆಸ್ತಿ ಮತ್ತು ಸಾಲದ ವಿವರವನ್ನು ಪ್ರಮಾಣಪತ್ರದ ಮೂಲಕ ಸಲ್ಲಿಸಬೇಕೆಂದು 2020ರ ನವೆಂಬರ್‌ನಲ್ಲಿ ಸರ್ವೋಚ್ಚ ನ್ಯಾಯಾಲಯ ನಿರ್ದೇಶಿಸಿದೆ.

ವ್ಯಾಜ್ಯ ನಡೆಯುವಾಗ ಆಸ್ತಿ ಕೈಬಿಟ್ಟು ಹೋಗುವ ಭಯವಿದ್ದರೆ ತಡೆಯಾಜ್ಞೆ ಕೋರಬಹುದು. ದೌರ್ಜನ್ಯಕ್ಕೆ ಒಳಗಾದ ಮಹಿಳೆಗೆ 2005ರ ಕೌಟುಂಬಿಕ ಹಿಂಸೆ ತಡೆ ಕಾಯಿದೆಯಡಿ ಆಸ್ತಿ ಪರಭಾರೆ ಹಾಗೂ ಲಾಕರ್ ಬಳಕೆಗೆ ತಡೆ, ಮನೆಯಲ್ಲಿ ವಾಸಿಸುವ ಹಕ್ಕು, ಸ್ತ್ರೀಧನ ಮರಳಿಸುವ ಆದೇಶ ದೊರೆಯಬಹುದು.

ಯಾವ ರಾಜ್ಯದ ನ್ಯಾಯಾಲಯ?

ಹಿಂದೂ ವಿವಾಹ ಕಾಯಿದೆಯಂತೆ ಮದುವೆ ನಡೆದ ಸ್ಥಳ, ಎದುರಾಳಿ ವಾಸಿಸುವ ಸ್ಥಳ, ದಂಪತಿ ಕೊನೆಯದಾಗಿ ಒಟ್ಟಿಗಿದ್ದ ಸ್ಥಳ ಇವುಗಳಲ್ಲಿ ಎಲ್ಲಿಯಾದರೂ ಅರ್ಜಿ ಹಾಕಬಹುದು. 2003ರ ತಿದ್ದುಪಡಿಯ ಬಳಿಕ ಪತ್ನಿ ತಾನು ವಾಸವಿರುವಲ್ಲಿಯೂ ಅರ್ಜಿ ಸಲ್ಲಿಸಬಹುದು. ಕಾಸರಗೋಡಿನ ಸಂಸಾರ ಬಿಟ್ಟು ಪುತ್ತೂರಿನ ತವರಿಗೆ ಮರಳಿದವರಿಗೆ ಇದು ದೊಡ್ಡ ಅನುಕೂಲ. ಒಂದು ರಾಜ್ಯದಿಂದ ಇನ್ನೊಂದಕ್ಕೆ ಪ್ರಕರಣ ವರ್ಗಾಯಿಸುವ ಅಧಿಕಾರ ಸರ್ವೋಚ್ಚ ನ್ಯಾಯಾಲಯಕ್ಕಿದೆ.

ಗೋವೆಯ ಭಿನ್ನತೆ

ಗೋವೆಯಲ್ಲಿ 1867ರ ಪೋರ್ಚುಗೀಸ್ ನಾಗರಿಕ ಸಂಹಿತೆಯ ಕೌಟುಂಬಿಕ ನಿಯಮಗಳು ಉಳಿದುಬಂದಿವೆ. ವಿವಾಹಪೂರ್ವ ಕರಾರು ಇಲ್ಲದಿದ್ದರೆ ದಂಪತಿಯ ಆಸ್ತಿ ಸಾಮಾನ್ಯವಾಗಿ ಒಂದಾಗಿ, ತಲಾ ಅರ್ಧದ ಹಕ್ಕು ಹುಟ್ಟುತ್ತದೆ. ಆದರೆ ಅಲ್ಲಿ ನೆಲೆಸಿದ ಮಾತ್ರಕ್ಕೆ ಪ್ರತಿಯೊಬ್ಬ ಕನ್ನಡಿಗನಿಗೂ ಇದು ಅನ್ವಯವಾಗುತ್ತದೆಂದು ಭಾವಿಸಬಾರದು. ಮೂಲ ನೆಲೆ, ಮದುವೆ ನಡೆದ ಮತ್ತು ನೋಂದಣಿಯಾದ ಸ್ಥಳಗಳನ್ನು ವಕೀಲರಿಂದ ಪರಿಶೀಲಿಸಿಕೊಳ್ಳಬೇಕು.

ಒಪ್ಪಂದವಾಗುವುದಾದರೆ

ಪರಸ್ಪರ ಸಮ್ಮತಿಯ ವಿಚ್ಛೇದನದಲ್ಲಿ ಚಿನ್ನದ ತೂಕ, ಭೂಮಿಯ ಸರ್ವೆ ನಂಬರು, ಸಾಲದ ಹೊಣೆ, ಪಾವತಿಯ ದಿನಾಂಕ ಎಲ್ಲವೂ ಲಿಖಿತವಾಗಿರಲಿ. "ಎಲ್ಲವೂ ತೀರಿತು" ಎಂಬ ಒಂದು ಸಾಲಿಗೆ ಸಹಿ ಹಾಕುವ ಮುನ್ನ ಏನೇನು ತೀರಿದೆ ಎಂದು ಎಣಿಸಿ ನೋಡಬೇಕು. ಭೂಮಿಯ ಹಕ್ಕು ಬದಲಾಗುವುದಾದರೆ ನೋಂದಣಿಯ ಅಗತ್ಯವನ್ನೂ ವಿಚಾರಿಸಿಕೊಳ್ಳಬೇಕು.

1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಯಂತೆ ಮಹಿಳೆಯರು ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವಿಗೆ ಅರ್ಹರು. ಇದಕ್ಕಾಗಿ ಆಯಾ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವನ್ನು ಸಂಪರ್ಕಿಸಬಹುದು.