ಕಿಲ್ಟು, ಲುಂಗಿ ಮತ್ತು ಅಪ್ಪನ ಪ್ಯಾಂಟು

ಆನ್‌ಸೈಟ್ ಅಂತ ಗ್ಲಾಸ್ಗೋಗೆ ಹೋಗಿ ಎರಡು ತಿಂಗಳಾಗಿತ್ತು. 2023ರ ನವೆಂಬರ್ 30, ಸ್ಕಾಟ್ಲೆಂಡಿನವರ ಸೇಂಟ್ ಆಂಡ್ರ್ಯೂಸ್ ದಿನ. ನಮ್ಮ ಟೀಮಿನಲ್ಲಿ ಟೆಸ್ಟಿಂಗ್ ನೋಡಿಕೊಳ್ಳುವ ಮಹಾಶಯನೊಬ್ಬ ಆವತ್ತು ಕಿಲ್ಟ್ ಉಟ್ಟು ಬಂದಿದ್ದ. ಕಿಲ್ಟ್ ಗೊತ್ತಲ್ಲ, ಅಲ್ಲಿನ ಗಂಡಸರು ಸೊಂಟದಿಂದ ಮೊಣಕಾಲಿನವರೆಗೆ ಉಡುವ, ಹಿಂದುಗಡೆ ನೆರಿಗೆ ಇರುವ ಚೌಕಳಿಯ ಉಣ್ಣೆಬಟ್ಟೆ. ಆದರೆ ಇವನದ್ದು ಉಣ್ಣೆಯದ್ದೂ ಅಲ್ಲ, ಚೌಕಳಿಯೂ ಇಲ್ಲ. ಜೀನ್ಸ್ ಬಟ್ಟೆಯದ್ದು! ಎರಡೂ ಪಕ್ಕ ದೊಡ್ಡ ದೊಡ್ಡ ಕಿಸೆ, ಒಂದರಲ್ಲಿ ಮೊಬೈಲು, ಇನ್ನೊಂದರಲ್ಲಿ ಐಡಿ ಕಾರ್ಡು. ಕಾಲಿಗೆ ಸ್ಪೋರ್ಟ್ಸ್ ಶೂ. ಹಾಗೇ ಬಂದು ಕ್ಲೈಂಟ್ ಮೀಟಿಂಗಿನಲ್ಲಿ ಕೂತ. ಯಾರೂ ಏನೂ ಅನ್ನಲಿಲ್ಲ.

ಅವನನ್ನು ಕೇಳಿ ಒಂದು ಫೋಟೋ ತೆಗೆದು ಊರಿಗೆ ವಾಟ್ಸಾಪ್ ಮಾಡಿದೆ. ಐದೇ ನಿಮಿಷಕ್ಕೆ ಅಪ್ಪನ ಫೋನು.

"ತಮಾ, ಇದು ನಮ್ಮ ಲುಂಗಿಯೇ ಅಲ್ದನಾ? ಎಷ್ಟು ಮೀಟರ್ ಬಟ್ಟೆ ಬೇಕಾಗ್ತು ಇದಕ್ಕೆ?"

ಅಪ್ಪ ಕುಮಟಾ ಪೇಟೆಯ ಬಟ್ಟೆ ಅಂಗಡಿಯೊಂದರಲ್ಲಿ ಮೂವತ್ತು ವರ್ಷ ಲೆಕ್ಕ ಬರೆದವ. ಪ್ರಶ್ನೆ ಹಾಗೇ ಬರುತ್ತದೆ. ಹಳೇ ಪದ್ಧತಿಯ ಕಿಲ್ಟಿಗೆ 8 ಗಜದವರೆಗೂ ಬಟ್ಟೆ ಬೇಕು, ಅಂದರೆ ಏಳು ಮೀಟರಿಗಿಂತ ಜಾಸ್ತಿ ಅಂದೆ. ನಮ್ಮ ಲುಂಗಿಗೆ ಎರಡು ಮೀಟರ್ ಸಾಕು. "ಹಂಗಾರೆ ಅವ್ರ ಒಂದು ಕಿಲ್ಟಿನಲ್ಲಿ ನಮ್ಮ ಮೂರು ಜನ ಉಡ್ಲಕ್ಕು" ಅಂತ ನಕ್ಕ. ನಾನೂ ನಕ್ಕೆ. ಫೋನ್ ಇಟ್ಟ ಮೇಲೆ ಮಾತ್ರ ಯಾಕೋ ಹೊಟ್ಟೆಯಲ್ಲಿ ಚುಳ್ ಅಂತು. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಆ ರಾತ್ರಿ ಕಿಲ್ಟಿನ ಚರಿತ್ರೆ ಓದುತ್ತಾ ಕೂತೆ. ಮೊದಲು ಕಿಲ್ಟ್ ಅಂದರೆ ಹೊಲಿಗೆಯೇ ಇಲ್ಲದ ಉದ್ದನೆಯ ಬಟ್ಟೆ. ನೆಲದ ಮೇಲೆ ಹಾಸಿ, ನೆರಿಗೆ ಹಿಡಿದು, ಅದರ ಮೇಲೆ ಮಲಗಿ ಸೊಂಟಕ್ಕೆ ಬೆಲ್ಟ್ ಬಿಗಿದು ಏಳುವುದು. ಉಳಿದ ಭಾಗ ಹೆಗಲಿಗೆ. ರಾತ್ರಿ ಅದೇ ಹೊದಿಕೆ, ನಮ್ಮ ಕಂಬಳಿ ಇದ್ದ ಹಾಗೆ. ಈಗ ನಾವು ನೋಡುವ ಮೊಣಕಾಲಿನ ಗಿಡ್ಡ ಕಿಲ್ಟ್ ಬಂದದ್ದು 18ನೇ ಶತಮಾನದಲ್ಲಿ. ಕಬ್ಬಿಣದ ಕುಲುಮೆ ನಡೆಸುತ್ತಿದ್ದ ಥಾಮಸ್ ರಾಲಿನ್‌ಸನ್ ಎಂಬ ಇಂಗ್ಲಿಷಿನವ, ತನ್ನ ಕೆಲಸಗಾರರಿಗೆ ದೊಡ್ಡ ಬಟ್ಟೆ ಅಡಚಣೆಯಾಗುತ್ತದೆ ಅಂತ ಅದನ್ನು ತುಂಡು ಮಾಡಿಸಿದ ಎಂಬುದು 1785ರಲ್ಲಿ ಅಚ್ಚಾದ ಪತ್ರವೊಂದರ ಮಾತು. ಇದನ್ನು ಒಪ್ಪದವರೂ ಇದ್ದಾರೆ. ಆದರೆ ಕೆಲಸದ ಅನುಕೂಲಕ್ಕೆ ಆದ ಬದಲಾವಣೆಯೇ ಮುಂದೆ 'ಸಂಪ್ರದಾಯ' ಆಯಿತು ಎನ್ನುವುದಂತೂ ನಿಜ.

ಇನ್ನೊಂದು ಸಂಗತಿ. 1746ರಲ್ಲಿ ಸ್ಕಾಟ್ ಬಂಡಾಯ ಹತ್ತಿಕ್ಕಿದ ಮೇಲೆ ಬ್ರಿಟಿಷ್ ಸರ್ಕಾರ ಕಿಲ್ಟನ್ನೇ ನಿಷೇಧಿಸಿತು. ಮೊದಲ ಸಲ ಸಿಕ್ಕಿಬಿದ್ದರೆ ಆರು ತಿಂಗಳು ಜೈಲು, ಎರಡನೇ ಸಲ ಏಳು ವರ್ಷ ಗಡೀಪಾರು. ಸೈನ್ಯದಲ್ಲಿ ಇದ್ದವರಿಗೆ ಮಾತ್ರ ವಿನಾಯಿತಿ. ನಿಷೇಧ ಹೋದದ್ದು 1782ರ ಜುಲೈಯಲ್ಲಿ.

1782 ಅಂದ ಕೂಡಲೇ ನನಗೆ ನಮ್ಮ ಊರು ನೆನಪಾಯಿತು. ಅದೇ ವರ್ಷದ ಕೊನೆಗೆ ಹೈದರಾಲಿ ತೀರಿಕೊಂಡ. ಆ ಹೊತ್ತಿನಲ್ಲೇ ಈಸ್ಟ್ ಇಂಡಿಯಾ ಕಂಪನಿಯ ಜನರಲ್ ಮ್ಯಾಥ್ಯೂಸ್ ಕುಮಟಾದ ಹತ್ತಿರ ರಾಜಮಂದುರ್ಗದಲ್ಲಿ ಸೈನ್ಯ ಇಳಿಸಿದ. 1783ರ ಜನವರಿಯಲ್ಲಿ ಹೊನ್ನಾವರದ ಕೋಟೆ ಬಿತ್ತು. ಅದೇ ದಂಡಯಾತ್ರೆಯಲ್ಲಿ 42ನೇ ಹೈಲ್ಯಾಂಡರ್ಸ್ ಎಂಬ ಸ್ಕಾಟಿಷ್ ಪಡೆಯ ಎರಡನೇ ಬೆಟಾಲಿಯನ್ ಘಟ್ಟ ಹತ್ತಿ ಬಿದನೂರಿಗೆ ಹೋಯಿತು. ಆ ಪಡೆಯ ಕರ್ನಲ್ ಜಾನ್ ಕ್ಯಾಂಪ್‌ಬೆಲ್ ಮಂಗಳೂರು ಕೋಟೆಯೊಳಗೆ ಕೂತು ಟಿಪ್ಪುವಿನ ಮುತ್ತಿಗೆಯನ್ನು ಎಂಟು ತಿಂಗಳಿಗೂ ಹೆಚ್ಚು ಕಾಲ ತಡೆದು, 1784ರ ಜನವರಿಯಲ್ಲಿ ಶರಣಾದ.

ಈ ಬೆಟಾಲಿಯನ್ 1786ರಲ್ಲಿ 73ನೇ ರೆಜಿಮೆಂಟ್ ಆಯಿತು. 1799ರಲ್ಲಿ ಶ್ರೀರಂಗಪಟ್ಟಣದ ಮೇಲೆ ಬಿದ್ದವರಲ್ಲಿ ಇವರೂ ಇದ್ದರು. 1809ರಲ್ಲಿ ಏನಾಯಿತು ಗೊತ್ತಾ? ಈ ರೆಜಿಮೆಂಟೂ ಸೇರಿ ಆರು ಹೈಲ್ಯಾಂಡ್ ಪಡೆಗಳು ಕಿಲ್ಟ್ ಬಿಡಬೇಕು ಅಂತ ಸರ್ಕಾರದ ಆಜ್ಞೆ ಬಂತು. ಸೈನ್ಯಕ್ಕೆ ಬೇಕಾದಷ್ಟು ಹೈಲ್ಯಾಂಡಿನ ಹುಡುಗರು ಸಿಗುತ್ತಿರಲಿಲ್ಲ, ಇಂಗ್ಲೆಂಡಿನ ಹುಡುಗರಿಗೆ ಕಿಲ್ಟ್ ಅಂದರೆ ಇರಿಸುಮುರಿಸು. ಯುದ್ಧದಲ್ಲಿ ಕಳಚದ ಬಟ್ಟೆ ಬೇರೆಯವರ ಮುಜುಗರಕ್ಕೆ ಕಳಚಿತು!

ಮತ್ತೆ ಅದನ್ನು ಎತ್ತಿ ಹಿಡಿದವರೂ ದೊಡ್ಡವರೇ. 1822ರಲ್ಲಿ ರಾಜ ನಾಲ್ಕನೇ ಜಾರ್ಜ್ ಎಡಿನ್‌ಬರೊಗೆ ಬಂದಾಗ ಕಾದಂಬರಿಕಾರ ವಾಲ್ಟರ್ ಸ್ಕಾಟ್ ಇಡೀ ಊರಿಗೆ ಚೌಕಳಿ ಉಡಿಸಿದ, ರಾಜನಿಗೂ. ಆಮೇಲೆ ಒಂದೊಂದು ಮನೆತನಕ್ಕೆ ಒಂದೊಂದು ಚೌಕಳಿ ಅನ್ನುವುದು ಗಟ್ಟಿಯಾಯಿತು. ಈಗ ಎಡಿನ್‌ಬರೊದ ಹೋವಿ ನಿಕೋಲ್ಸ್‌ಬಿ 1996ರಿಂದ ಚರ್ಮದ, ಡೆನಿಮ್‌ನ ಕಿಲ್ಟ್ ಹೊಲಿಯುತ್ತಾನೆ. ಅಮೆರಿಕದ ಸಿಯಾಟಲ್‌ನಲ್ಲಿ 2000ದಲ್ಲಿ ಶುರುವಾದ ಯುಟಿಲಿಕಿಲ್ಟ್ಸ್‌ನವರು ಸುತ್ತಿಗೆ, ಸ್ಕ್ರೂಡ್ರೈವರ್ ಇಡುವುದಕ್ಕೂ ಕಿಸೆ ಕೊಟ್ಟರು. ಕಿಲ್ಟಿಗೆ ಕಿಸೆ ಇಲ್ಲ ಅಂತ ಹಿಂದಿನವರು ಮುಂದುಗಡೆ ಚರ್ಮದ ಚೀಲ ಕಟ್ಟಿಕೊಳ್ಳುತ್ತಿದ್ದರು.

ನಮ್ಮ ಕಡೆ ಆ ಚೀಲದ ಕೆಲಸ ಮಾಡುವುದು ಯಾವುದು ಹೇಳಿ? ಲುಂಗಿಯ ಒಳಗಿನ ಪಟ್ಟೆ ಪಟ್ಟೆ ಚಡ್ಡಿಯ ಕಿಸೆ! ಬಸ್ಸಿನಲ್ಲಿ ಕಂಡಕ್ಟರ್ ಎದುರು ಲುಂಗಿ ಸರಿಸಿ ಚಿಲ್ಲರೆ ತೆಗೆಯುವುದನ್ನು ನೋಡದವರು ನಮ್ಮ ಜಿಲ್ಲೆಯವರೇ ಅಲ್ಲ :-)

ಲುಂಗಿಯೂ ಒಂದೇ ಥರ ಇದ್ದದ್ದಲ್ಲ. ಅಪ್ಪ ಹೇಳುವ ಪ್ರಕಾರ ಗಿರಾಕಿ ಬಾಯಿ ತೆರೆಯುವ ಮೊದಲೇ ಏನು ಬೇಕು ಅಂತ ಗೊತ್ತಾಗುತ್ತಿತ್ತಂತೆ. ಭಟ್ಕಳದ ನವಾಯತರು ಬಂದರೆ ಎರಡೂ ತುದಿ ಸೇರಿಸಿ ಹೊಲಿಸಿಕೊಳ್ಳುವ ಲುಂಗಿ. ಶತಮಾನಗಳ ಕಾಲ ಸಮುದ್ರ ವ್ಯಾಪಾರ ಮಾಡಿದ ಜನ. ಇಂಡೋನೇಷ್ಯಾದ ಸಾರೋಂಗ್, ಬರ್ಮಾದ ಲೋಂಜಿ ಎಲ್ಲ ಈ ಹೊಲಿದ ಲುಂಗಿಯ ನೆಂಟರೇ. ಹೊನ್ನಾವರದ ಮೀನುಗಾರರಿಗೆ ನೀರಿನಲ್ಲಿ ಬೇಗ ಒಣಗುವ, ಎತ್ತಿ ಕಟ್ಟಲು ಹಗುರಾದ ಬಟ್ಟೆ. ಪೂಜೆ, ಮದುವೆಗೆ ಅಂತ ಬಂದವರಿಗೆ ನಾಲ್ಕು ಮೊಳದ್ದೋ ಎಂಟು ಮೊಳದ್ದೋ ಅಂಚಿನ ಪಂಚೆ. ಎತ್ತಿ ಕಟ್ಟಿದ್ದನ್ನು ಹಿರಿಯರು ಎದುರು ಬಂದಾಗ ಇಳಿಸಬೇಕು ಎನ್ನುವ ಕಾಯ್ದೆ ಮಾತ್ರ ಎಲ್ಲರಿಗೂ ಒಂದೇ.

ಬಟ್ಟೆಯ ಲೋಕದಲ್ಲಿ ನಮ್ಮ ಕುಮಟಾದ ಹೆಸರೂ ಸಣ್ಣದಲ್ಲ. 19ನೇ ಶತಮಾನದಲ್ಲಿ 'ಕುಮಟಾ ಹತ್ತಿ' ಅಂದರೆ ಮುಂಬಯಿ, ಲಿವರ್‌ಪೂಲ್ ಮಾರುಕಟ್ಟೆಯಲ್ಲಿ ಗೊತ್ತಿದ್ದ ಮಾಲು. ಬೆಳೆಯುತ್ತಿದ್ದದ್ದು ಧಾರವಾಡದ ಕಡೆ. ಎತ್ತಿನ ಗಾಡಿಯಲ್ಲಿ ದೇವಿಮನೆ ಘಟ್ಟ ಇಳಿದು ಕುಮಟಾ ಬಂದರಿನಿಂದ ಹಡಗು ಹತ್ತುತ್ತಿತ್ತು, ಹಾಗಾಗಿ ಆ ಹೆಸರು. 1880ರ ದಶಕದಲ್ಲಿ ರೈಲು ಬಂದು ಹತ್ತಿ ಬೇರೆ ದಾರಿ ಹಿಡಿಯಿತು, ಬಂದರು ಸೊರಗಿತು. ಹೆಸರು ಹತ್ತಿಯ ತಳಿಗೆ ಉಳಿಯಿತು.

ಈಗ ಆ ಚುಳ್ ಅಂದದ್ದರ ವಿಷಯ. ಬೆಂಗಳೂರಿನಲ್ಲಿ ಕೆಲಸ ಸಿಕ್ಕಿದ ಹೊಸತರಲ್ಲಿ ಮೊದಲ ಸಂಬಳ ಬಂದಾಗ ಅಪ್ಪ, ಆಯಿ ಇಬ್ಬರನ್ನೂ ಕರೆಸಿದ್ದೆ. ದೊಡ್ಡ ಹೋಟೆಲಿಗೆ ಊಟಕ್ಕೆ ಹೋಗೋಣ ಅಂತ. ಫೋನಿನಲ್ಲಿ ಒಂದು ಮಾತು ಸೇರಿಸಿದ್ದೆ. "ಅಪ್ಪಾ, ಪಂಚೆ ಬೇಡ, ಪ್ಯಾಂಟ್ ಹಾಕ್ಯಂಡು ಬಾ." ಯಾವತ್ತೂ ಬಿಳಿ ಪಂಚೆ ಬಿಟ್ಟು ಬೇರೆ ಉಡದ ಮನುಷ್ಯ ಅದಕ್ಕೆಂದೇ ಒಂದು ರೆಡಿಮೇಡ್ ಪ್ಯಾಂಟ್ ತಗೊಂಡು ಬಂದ. ಸೊಂಟಕ್ಕೆ ದೊಡ್ಡದಾಗಿತ್ತು. ಊಟದುದ್ದಕ್ಕೂ ಅದನ್ನು ಮೇಲೆ ಎಳೆದುಕೊಳ್ಳುತ್ತಾ ಕೂತಿದ್ದ. ಒಂದು ಮಾತೂ ಆಡಲಿಲ್ಲ. ಜೀವಮಾನವೆಲ್ಲ ಊರವರಿಗೆ ಪಂಚೆ ಮಾರಿದ ಅಂಗಡಿಯ ಲೆಕ್ಕ ಬರೆದವನಿಗೆ, ಮಗ ಪಂಚೆ ಬೇಡ ಅಂದಿದ್ದ.

ನಾನೊಬ್ಬನೇ ಅಲ್ಲ ಅಂತ ಸಮಾಧಾನ ಮಾಡಿಕೊಳ್ಳಬಹುದು. 2014ರಲ್ಲಿ ಚೆನ್ನೈನ ಕ್ಲಬ್ಬೊಂದು ಪಂಚೆ ಉಟ್ಟ ಹೈಕೋರ್ಟ್ ನ್ಯಾಯಾಧೀಶರನ್ನೇ ಒಳಗೆ ಬಿಡಲಿಲ್ಲ. ಅದೇ ವರ್ಷ ತಮಿಳುನಾಡು ಇದರ ವಿರುದ್ಧ ಕಾನೂನು ಮಾಡಿತು. 2024ರ ಜುಲೈಯಲ್ಲಿ ಬೆಂಗಳೂರಿನ ಮಾಲೊಂದರಲ್ಲಿ ಹಾವೇರಿ ಕಡೆಯ ರೈತರೊಬ್ಬರನ್ನು ಪಂಚೆ ಉಟ್ಟಿದ್ದಕ್ಕೆ ತಡೆದರು. ಮಗನ ಜೊತೆ ಸಿನಿಮಾ ನೋಡಲು ಬಂದಿದ್ದವರು. ಸರ್ಕಾರ ಆ ಮಾಲನ್ನು ಒಂದು ವಾರ ಮುಚ್ಚಿಸಿತು. ಇತ್ತ 2018ರಲ್ಲಿ ಝಾರಾ ಕಂಪನಿ ಲುಂಗಿಯಂಥದ್ದೇ ಚೌಕಳಿ ಸ್ಕರ್ಟನ್ನು ಸುಮಾರು 70 ಪೌಂಡಿಗೆ ಮಾರಿತ್ತು! ಆ ಸುದ್ದಿ ಓದಿ ನಾನೂ ಸಿಟ್ಟಾದೆ, ನಕ್ಕೆ. ಆದರೆ ನಮ್ಮ ಮನೆಯಲ್ಲಿ ಬಾಗಿಲು ಕಾದದ್ದು ಸೆಕ್ಯುರಿಟಿ ಗಾರ್ಡ್ ಅಲ್ಲ, ನಾನು.

ಈಗ ಅಂಗಡಿಗಳಲ್ಲಿ ವೆಲ್ಕ್ರೋ ಪಂಚೆ ಬಂದಿದೆ, ಕಿಸೆಯೂ ಇರುತ್ತದೆ. "ಇದೆಂಥಾ ಪಂಚೆ" ಅಂತ ಮೂಗು ಮುರಿಯುವವರು ಬಹಳ. ಕಿಲ್ಟಿನ ಕಥೆ ಓದಿದ ಮೇಲೆ ನನಗೆ ಹಾಗೆ ಅನ್ನಿಸುವುದಿಲ್ಲ. ಕತ್ತರಿಸಿದ್ದಕ್ಕೆ, ಕಿಸೆ ಹೊಲಿದದ್ದಕ್ಕೆ ಕಿಲ್ಟ್ ಸಾಯಲಿಲ್ಲ. ಬೇರೆಯವರ ಮುಜುಗರಕ್ಕೆ ಹೆದರಿದಾಗ ಮಾತ್ರ ಅದು ಮೈಯಿಂದ ಇಳಿಯಿತು.

ಗ್ಲಾಸ್ಗೋದಿಂದ ವಾಪಸ್ ಬಂದ ಮೇಲೆ ಒಂದು ವೆಲ್ಕ್ರೋ ಪಂಚೆ ತಗೊಂಡೆ. ಅಪ್ಪನಿಗೆ ಫೋನ್ ಮಾಡಿ, ಮತ್ತೆ ಅದೇ ಹೋಟೆಲಿಗೆ ಹೋಗೋಣ, ಈ ಸಲ ಪಂಚೆಯಲ್ಲೇ ಬಾ ಅಂದೆ. ಬಂದ. ಅದೇ ಪ್ಯಾಂಟಿನಲ್ಲಿ! ಸೊಂಟಕ್ಕೆ ಹಿಡಿಸಿ ಹೊಲಿಸಿಕೊಂಡಿದ್ದ. "ಬಸ್ಸಿಗೆ ಇದೇ ಆರಾಮು ತಮಾ, ಅಭ್ಯಾಸ ಆಗೋತು" ಅಂದ. ನನ್ನ ಪಂಚೆಯ ವೆಲ್ಕ್ರೋವನ್ನು ಎರಡು ಸಲ ಟರ್ರ್ ಅಂತ ಎಳೆದು ನೋಡಿ, ಬಟ್ಟೆಯನ್ನು ಬೆರಳಲ್ಲಿ ಉಜ್ಜಿ, ರೇಟು ಕೇಳಿ, "ಜಾಸ್ತಿ ಆತು" ಅಂದ.

ಹೋಟೆಲಿನೊಳಗೆ ನಾನು ಪಂಚೆಯಲ್ಲಿ, ಅಪ್ಪ ಪ್ಯಾಂಟಿನಲ್ಲಿ. ಆಯಿ ಇಬ್ಬರನ್ನೂ ನೋಡಿ ನಗುತ್ತಲೇ ಇದ್ದಳು.